ಮೂರನೆಯ ಪಂದ್ಯ: 1967ರ ಮೊಂಟೆವಿಡಿಯೊ ಫೈನಲ್ ಹದಗೆಟ್ಟದ್ದು ಏಕೆ?

1967ರ ನವೆಂಬರ್ 4ರಂದು ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊದ ಸೆಂಟೆನಾರಿಯೊ ಕ್ರೀಡಾಂಗಣದಲ್ಲಿ ಯುರೋಪಿನ ಚಾಂಪಿಯನ್ ಕ್ಲಬ್ ಆಗಿದ್ದ ಸ್ಕಾಟ್ಲೆಂಡಿನ ಸೆಲ್ಟಿಕ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಆಗಿದ್ದ ಅರ್ಜೆಂಟೀನಾದ ರೇಸಿಂಗ್ ಕ್ಲಬ್ ಇಂಟರ್‌ಕಾಂಟಿನೆಂಟಲ್ ಕಪ್ ಎಂಬ ಫುಟ್‌ಬಾಲ್ ಕಿರೀಟಕ್ಕಾಗಿ ಮೂರನೆಯ ಬಾರಿ ಎದುರುಬದುರಾದವು. ಅಂದು ಪರಾಗ್ವೆಯ ರೆಫರಿ ರೊಡಾಲ್ಫೊ ಪೆರೆಸ್ ಒಸೋರಿಯೊ ಸೆಲ್ಟಿಕ್‌ನ ನಾಲ್ವರನ್ನೂ ರೇಸಿಂಗ್‌ನ ಇಬ್ಬರನ್ನೂ ಮೈದಾನದಿಂದ ಹೊರಹಾಕಿದರು. ಆ ಆರು ಮಂದಿಯಲ್ಲಿ ಒಬ್ಬ ಹೋಗಲು ಒಪ್ಪದೆ ಕೊನೆಯ ಸೀಟಿಯವರೆಗೂ ಆಡುತ್ತಲೇ ಇದ್ದ. ಆಟಗಾರರನ್ನು ಬಿಡಿಸಲು ಪೊಲೀಸರು ಮೈದಾನಕ್ಕೆ ಇಳಿಯಬೇಕಾಯಿತು. ರೇಸಿಂಗ್ 1–0 ಗೋಲಿನಿಂದ ಗೆದ್ದು, ಆ ಕಿರೀಟ ತೊಟ್ಟ ಮೊದಲ ಅರ್ಜೆಂಟೀನಾ ಕ್ಲಬ್ ಎನಿಸಿತು. ಬ್ರಿಟನ್ನಿನವರು ಇದನ್ನು ಇಂದಿಗೂ ‘ಮೊಂಟೆವಿಡಿಯೊ ಕದನ’ ಎಂದೇ ಕರೆಯುತ್ತಾರೆ.

ಈ ಪಂದ್ಯದ ಬಗ್ಗೆ ಎರಡು ಕಥನಗಳು ಚಾಲ್ತಿಯಲ್ಲಿವೆ. ಸೆಲ್ಟಿಕ್‌ನ ಊರಾದ ಗ್ಲಾಸ್ಗೊದ ಕಥನದಲ್ಲಿ ಸಭ್ಯವಾಗಿ ಆಡುತ್ತಿದ್ದ ತಂಡವೊಂದು ಉಗುಳು, ಒದೆತ, ಚುಚ್ಚುಮಾತುಗಳನ್ನು ಸಹಿಸಿ ಸಹಿಸಿ ಕೊನೆಗೆ ತಾಳ್ಮೆ ಕಳೆದುಕೊಂಡಿತು. ಬ್ಯೂನಸ್ ಐರಿಸ್‌ನ ಕಥನದಲ್ಲಿ ತಮ್ಮ ಆಟಗಾರರನ್ನು ಕೀಳಾಗಿ ಕಂಡ ಬ್ರಿಟಿಷರಿಗೆ ರೇಸಿಂಗ್ ಆಟಗಾರ ಹುವಾನ್ ಕಾರ್ಲೊಸ್ ‘ಚಾಂಗೊ’ ಕಾರ್ಡೆನಾಸ್‌ನ ಒಂದೇ ಒಂದು ಹೊಡೆತ ತಕ್ಕ ಉತ್ತರ ಕೊಟ್ಟಿತು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಎರಡೂ ಕಥನಗಳು ಮನುಷ್ಯರ ಸ್ವಭಾವವನ್ನು ಮಾತ್ರ ನೋಡುತ್ತವೆಯೇ ಹೊರತು, ಆ ಮನುಷ್ಯರನ್ನು ಮೂರನೆಯ ಬಾರಿ, ಅದೂ ಮೂರೇ ದಿನಗಳ ಅಂತರದಲ್ಲಿ, ಒಂದೇ ಮೈದಾನಕ್ಕೆ ತಂದು ನಿಲ್ಲಿಸಿದ ನಿಯಮ ಯಾವುದು ಎಂದು ಕೇಳುವುದಿಲ್ಲ. ನನ್ನ ಮಟ್ಟಿಗೆ ಮೊಂಟೆವಿಡಿಯೊದ ಗಲಭೆಯ ಬೇರು ಇರುವುದು ಆ ನಿಯಮದಲ್ಲಿ. ಅದನ್ನು ಅರಿಯದೆ ಪಂದ್ಯ ಅರ್ಥವಾಗುವುದಿಲ್ಲ.

ಇಂಟರ್‌ಕಾಂಟಿನೆಂಟಲ್ ಕಪ್ ಆರಂಭವಾದದ್ದು 1960ರಲ್ಲಿ. ಯುರೋಪಿನಲ್ಲಿ ರಾಷ್ಟ್ರಗಳ ಲೀಗ್ ಚಾಂಪಿಯನ್ನರು ಸೆಣಸುವ ಯುರೋಪಿಯನ್ ಕಪ್ ಅದಕ್ಕೆ ಐದು ವರ್ಷ ಮೊದಲೇ ನೆಲೆಗೊಂಡಿತ್ತು. ಅದರ ವಿಜೇತರ ಎದುರು ಆಡಲು ದಕ್ಷಿಣ ಅಮೆರಿಕಕ್ಕೂ ಒಬ್ಬ ಅಧಿಕೃತ ಚಾಂಪಿಯನ್ ಬೇಕಾಗಿದ್ದುದು, 1960ರಲ್ಲೇ ಹುಟ್ಟಿಕೊಂಡ ಕೋಪಾ ಲಿಬರ್ಟಡೋರೆಸ್ ಟೂರ್ನಿಗೆ ಒಂದು ಮುಖ್ಯ ಪ್ರೇರಣೆಯಾಯಿತು. ಎರಡು ಖಂಡಗಳ ಫುಟ್‌ಬಾಲ್ ಒಕ್ಕೂಟಗಳಾದ ಯುಎಫಾ ಮತ್ತು ಕಾನ್ಮೆಬೋಲ್ ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದ ಇದು. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಇದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಎಂಬ ಮಾನ್ಯತೆ ಕೊಡಲಿಲ್ಲ. ಏಷ್ಯಾ, ಆಫ್ರಿಕಾ, ಉತ್ತರ ಅಮೆರಿಕಗಳ ಕ್ಲಬ್‌ಗಳಿಗೆ ಜಾಗವೇ ಇಲ್ಲದ ಸ್ಪರ್ಧೆಯನ್ನು ವಿಶ್ವದ ಹೆಸರಿನಲ್ಲಿ ಕರೆಯುವುದು ಹೇಗೆ ಎಂಬ ಅದರ ಆಕ್ಷೇಪ ನ್ಯಾಯವಾದದ್ದೇ. ಆದರೆ ಫಿಫಾದ ಕಣ್ಣಿನಲ್ಲಿ ಇದು ಎರಡು ಕ್ಲಬ್‌ಗಳ ನಡುವಿನ ಸೌಹಾರ್ದ ಪಂದ್ಯವಾಗಿಯೇ ಉಳಿದದ್ದರಿಂದ ಒಂದು ಅನಾಹುತವೂ ಆಯಿತು: ಗೆದ್ದವರು ತಮ್ಮನ್ನು ವಿಶ್ವ ಚಾಂಪಿಯನ್ನರೆಂದು ಕರೆದುಕೊಳ್ಳುವಷ್ಟು ದೊಡ್ಡ ಪಣ ಇತ್ತು, ಎರಡೂ ಖಂಡಗಳಿಗಿಂತ ಮೇಲೆ ನಿಂತು ಅದನ್ನು ನಡೆಸುವ ಯಜಮಾನ ಇರಲಿಲ್ಲ.

ಇನ್ನು ನಿಯಮಕ್ಕೆ ಬರೋಣ. ತಂಡಗಳು ಒಂದು ಪಂದ್ಯವನ್ನು ಯುರೋಪಿನಲ್ಲಿ, ಇನ್ನೊಂದನ್ನು ದಕ್ಷಿಣ ಅಮೆರಿಕದಲ್ಲಿ ಆಡಬೇಕು. ಗೆಲುವಿಗೆ ಎರಡು ಅಂಕ, ಸಮಬಲಕ್ಕೆ ಒಂದು ಅಂಕ. ಎರಡೂ ಪಂದ್ಯಗಳು ಮುಗಿದಾಗ ಹೆಚ್ಚು ಅಂಕ ಪಡೆದವರು ವಿಜೇತರು. ಅಂಕಗಳು ಸಮವಾದರೆ, ಯಾರು ಎಷ್ಟು ಗೋಲು ಹೊಡೆದರು ಎಂಬುದು ಲೆಕ್ಕಕ್ಕೇ ಇಲ್ಲ, ಮೂರನೆಯ ಪಂದ್ಯ ಆಡಬೇಕು. ಎರಡನೆಯ ಪಂದ್ಯ ನಡೆದ ಖಂಡದಲ್ಲಿಯೇ ಮೂರನೆಯ ಪಂದ್ಯ ನಡೆಯುವುದು ರೂಢಿಯಾಗಿತ್ತು. ಮೇಲ್ನೋಟಕ್ಕೆ ಇದರಲ್ಲಿ ದೋಷವೇನೂ ಕಾಣುವುದಿಲ್ಲ. 1961ರಲ್ಲಿ ಇದು ಏನು ಮಾಡಿತು ಎಂದು ನೋಡಿದರೆ ದೋಷ ತಾನಾಗಿ ಹೊರಬೀಳುತ್ತದೆ. ಆ ವರ್ಷ ಪೋರ್ಚುಗಲ್ಲಿನ ಬೆನ್ಫಿಕಾ ಲಿಸ್ಬನ್‌ನಲ್ಲಿ ಉರುಗ್ವೆಯ ಪೆನ್ಯರೊಲ್ ತಂಡವನ್ನು 1–0 ಗೋಲಿನಿಂದ ಸೋಲಿಸಿತು. ಮೊಂಟೆವಿಡಿಯೊದಲ್ಲಿ ಪೆನ್ಯರೊಲ್ 5–0 ಅಂತರದಿಂದ ಬೆನ್ಫಿಕಾವನ್ನು ಧೂಳೀಪಟ ಮಾಡಿತು. ಒಟ್ಟು ಗೋಲುಗಳು 5–1. ಆದರೂ ಇಬ್ಬರ ಬಳಿಯೂ ಇದ್ದದ್ದು ಎರಡೆರಡು ಅಂಕ! ಹಾಗಾಗಿ ಎರಡು ದಿನ ಬಿಟ್ಟು ಅದೇ ಊರಿನಲ್ಲಿ ಮತ್ತೆ ಆಡಬೇಕಾಯಿತು, ಪೆನ್ಯರೊಲ್ 2–1ರಿಂದ ಗೆದ್ದಿತು.

ಈ ನಿಯಮದಡಿ ಮೊದಲ ಪಂದ್ಯದಲ್ಲಿ ಹೊರದೇಶಕ್ಕೆ ಹೋದ ತಂಡ ಎಷ್ಟು ಗೋಲುಗಳಿಂದ ಸೋತರೂ ಕೆಡುವುದೇನೂ ಇಲ್ಲ. ತವರಿಗೆ ಮರಳಿ ಒಂದೇ ಗೋಲಿನಿಂದ ಗೆದ್ದರೂ ಸಾಕು, ಲೆಕ್ಕ ಮತ್ತೆ ಮೊದಲಿಗೆ ಬರುತ್ತದೆ, ನಿರ್ಣಾಯಕ ಪಂದ್ಯವೂ ತನ್ನ ಖಂಡದಲ್ಲಿಯೇ ನಡೆಯುತ್ತದೆ. ಎರಡನೆಯ ಪಂದ್ಯದ ಆತಿಥ್ಯ ಯಾರಿಗೆ ಸಿಕ್ಕಿತೋ ಅವರ ಕಡೆಗೆ ತಕ್ಕಡಿ ವಾಲಿಯೇ ಇರುತ್ತಿತ್ತು. ಇದು ಊಹೆಯಲ್ಲ. ಅಂಕಗಳ ನಿಯಮವಿದ್ದ 1960ರಿಂದ 1968ರವರೆಗಿನ ಒಂಬತ್ತು ವರ್ಷಗಳಲ್ಲಿ 1961, 1963, 1964 ಮತ್ತು 1967 – ಈ ನಾಲ್ಕು ಬಾರಿ ಮೂರನೆಯ ಪಂದ್ಯ ನಡೆಯಿತು. ಪೆನ್ಯರೊಲ್, ಬ್ರೆಜಿಲ್ಲಿನ ಸ್ಯಾಂಟೋಸ್, ಇಟಲಿಯ ಇಂಟರ್, ಕೊನೆಗೆ ರೇಸಿಂಗ್, ಹೀಗೆ ನಾಲ್ಕೂ ಸಲ ಗೆದ್ದದ್ದು ಎರಡನೆಯ ಪಂದ್ಯವನ್ನು ತವರಿನಲ್ಲಿ ಆಡಿದ ತಂಡವೇ. ಇದರಿಂದ ಬರೀ ದಕ್ಷಿಣ ಅಮೆರಿಕದವರಿಗೆ ಲಾಭವಾಯಿತು ಎಂದು ಯುರೋಪಿನವರು ದೂರುವುದಕ್ಕೂ ಆಸ್ಪದವಿಲ್ಲ. 1964ರಲ್ಲಿ ಇಂಟರ್ ತಂಡವು ಅರ್ಜೆಂಟೀನಾದ ಇಂಡಿಪೆಂಡಿಯೆಂಟೆ ವಿರುದ್ಧ ಮೂರನೆಯ ಪಂದ್ಯ ಗೆದ್ದದ್ದು ಮ್ಯಾಡ್ರಿಡ್‌ನಲ್ಲಿ.

ಈಗ 1967ರ ಎರಡು ತಂಡಗಳನ್ನು ನೋಡೋಣ. ಸೆಲ್ಟಿಕ್ ಆ ವರ್ಷದ ಮೇ 25ರಂದು ಲಿಸ್ಬನ್‌ನಲ್ಲಿ ಇಂಟರ್ ತಂಡವನ್ನು 2–1ರಿಂದ ಮಣಿಸಿ ಯುರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ಕ್ಲಬ್ ಆಗಿತ್ತು. ಗ್ಲಾಸ್ಗೊದ ಬಡ ಐರಿಷ್ ವಲಸಿಗರಿಗೆ ನೆರವಾಗಲೆಂದು 1887ರಲ್ಲಿ ಹುಟ್ಟಿದ ಈ ಕ್ಲಬ್ಬಿನ ಅಂದಿನ ಹನ್ನೊಂದೂ ಆಟಗಾರರು ಆ ನಗರದ ಸುತ್ತಮುತ್ತ ಮೂವತ್ತು ಮೈಲಿಯೊಳಗೆ ಹುಟ್ಟಿ ಬೆಳೆದವರು. ಕೋಚ್ ಜಾಕ್ ಸ್ಟೀನ್ ಅವರಿಗೆ ಗೆಲುವಿನಷ್ಟೇ, ನುಗ್ಗಿ ಆಡಿ ಗೆಲ್ಲುವುದೂ ಮುಖ್ಯವಾಗಿತ್ತು.

ರೇಸಿಂಗ್ ಕ್ಲಬ್ಬಿನ ಊರು ಬ್ಯೂನಸ್ ಐರಿಸ್‌ಗೆ ಅಂಟಿಕೊಂಡಿರುವ ಕೈಗಾರಿಕಾ ಪಟ್ಟಣ ಅವೆಲ್ಲನೆಡ. ಹುವಾನ್ ಹೊಸೆ ಪಿಸ್ಸುತಿ ತರಬೇತಿಯಲ್ಲಿ ಸತತ 39 ಲೀಗ್ ಪಂದ್ಯಗಳಲ್ಲಿ ಸೋಲು ಕಾಣದೆ 1966ರಲ್ಲಿ ಅರ್ಜೆಂಟೀನಾದ ಚಾಂಪಿಯನ್ ಆದ ಈ ತಂಡವನ್ನು ಕೇವಲ ಒರಟರ ಗುಂಪು ಎಂದು ಬಣ್ಣಿಸುವುದು ಅನ್ಯಾಯ. ಮೂರನೆಯ ಪಂದ್ಯವಂತೂ ರೇಸಿಂಗ್‌ಗೆ ರೂಢಿಯೇ ಆಗಿತ್ತು. ಆ ವರ್ಷ ಲಿಬರ್ಟಡೋರೆಸ್ ಗೆಲ್ಲಲು ಅದು ಇಪ್ಪತ್ತು ಪಂದ್ಯಗಳನ್ನು ಆಡಿತ್ತು. ಫೈನಲ್‌ನಲ್ಲಿ ಉರುಗ್ವೆಯ ನ್ಯಾಸಿಯೊನಾಲ್ ವಿರುದ್ಧ ಎರಡು ಪಂದ್ಯಗಳು ಗೋಲಿಲ್ಲದೆ ಮುಗಿದ ಮೇಲೆ ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದ ಮೂರನೆಯದನ್ನು 2–1ರಿಂದ ಗೆದ್ದಿತ್ತು. ಸೆಲ್ಟಿಕ್ ಯುರೋಪಿಯನ್ ಕಪ್ ಗೆಲ್ಲಲು ಆಡಿದ್ದು ಒಂಬತ್ತೇ ಪಂದ್ಯ. ಎದುರಾಳಿಯ ಲಯ ಕೆಡಿಸಿ, ಆಟವನ್ನು ತುಂಡು ತುಂಡು ಮಾಡಿ, ಒಂದು ಅಂಕವನ್ನಾದರೂ ಉಳಿಸಿಕೊಂಡು ಮುಂದಿನ ಪಂದ್ಯಕ್ಕೆ ಹೋಗುವ ಕಲೆಯನ್ನು ದಕ್ಷಿಣ ಅಮೆರಿಕದ ದೀರ್ಘ ಟೂರ್ನಿ ಕಲಿಸುತ್ತಿತ್ತು, ಆ ಪಾಠ ಸೆಲ್ಟಿಕ್‌ಗೆ ಆಗಿರಲಿಲ್ಲ.

ಇದರ ಮೇಲೆ 1966ರ ವಿಶ್ವಕಪ್ಪಿನ ಗಾಯ ಇನ್ನೂ ಹಸಿಯಾಗಿತ್ತು. ಆ ವರ್ಷದ ಜುಲೈ 23ರಂದು ವೆಂಬ್ಲಿಯಲ್ಲಿ ನಡೆದ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಯ ರೆಫರಿ ರುಡಾಲ್ಫ್ ಕ್ರೈಟ್ಲೈನ್ ಅರ್ಜೆಂಟೀನಾದ ನಾಯಕ ಆಂಟೋನಿಯೊ ರಟ್ಟೀನ್ ಅವರನ್ನು ಹೊರಹಾಕಿದಾಗ, ಅವರು ಬಹಳ ಹೊತ್ತು ಮೈದಾನ ಬಿಡಲೇ ಇಲ್ಲ. ಪಂದ್ಯದ ನಂತರ ಇಂಗ್ಲೆಂಡಿನ ಕೋಚ್ ಆಲ್ಫ್ ರ‍್ಯಾಮ್ಸೆ ಎದುರಾಳಿಗಳ ವರ್ತನೆಯನ್ನು ಪ್ರಾಣಿಗಳಿಗೆ ಹೋಲಿಸಿ ಆಡಿದ ಮಾತು ಅರ್ಜೆಂಟೀನಾದಲ್ಲಿ ಯಾರೂ ಮರೆಯಲಿಲ್ಲ. ಸೆಲ್ಟಿಕ್ ಇಂಗ್ಲೆಂಡಿನ ತಂಡವಲ್ಲ ಎಂಬ ಸೂಕ್ಷ್ಮ ಅವೆಲ್ಲನೆಡದ ಗ್ಯಾಲರಿಯಲ್ಲಿ ಯಾರಿಗೂ ಬೇಕಿರಲಿಲ್ಲ. ವಿಶ್ವಕಪ್ ಗೆದ್ದ ಇಂಗ್ಲೆಂಡನ್ನು 1967ರ ಏಪ್ರಿಲ್‌ನಲ್ಲಿ ಅದೇ ವೆಂಬ್ಲಿಯಲ್ಲಿ 3–2ರಿಂದ ಸೋಲಿಸಿದ ಸ್ಕಾಟ್ಲೆಂಡ್ ತಂಡದಲ್ಲಿ ಸೆಲ್ಟಿಕ್‌ನ ನಾಲ್ವರಿದ್ದರು. ರ‍್ಯಾಮ್ಸೆಯ ಮಾತಿನ ಸಾಲವನ್ನು ಅವರಿಂದಲೇ ವಸೂಲು ಮಾಡಲಾಯಿತು.

ಮೊದಲ ಪಂದ್ಯ ಅಕ್ಟೋಬರ್ 18ರಂದು ಗ್ಲಾಸ್ಗೊದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ, ಎಂಬತ್ತು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರ ಮುಂದೆ ನಡೆಯಿತು. ರೇಸಿಂಗ್ ರಕ್ಷಣೆಗೆ ನಿಂತಿತು. ಸೆಲ್ಟಿಕ್‌ನ ಪುಟ್ಟ ದೇಹದ ಚುರುಕಿನ ವಿಂಗರ್ ಜಿಮ್ಮಿ ಜಾನ್‌ಸ್ಟನ್‌ಗೆ ಚೆಂಡು ಸಿಕ್ಕಾಗಲೆಲ್ಲ ಅವರನ್ನು ಕೆಡವಲಾಯಿತು. ದ್ವಿತೀಯಾರ್ಧದಲ್ಲಿ ಜಾನ್ ಹ್ಯೂಸ್ ಹೊಡೆದ ಕಾರ್ನರ್ ಕಿಕ್‌ಗೆ ನಾಯಕ ಬಿಲ್ಲಿ ಮೆಕ್‌ನೀಲ್ ತಲೆಕೊಟ್ಟು ಗೋಲು ಗಳಿಸಿದರು. 1–0. ಸ್ಕಾಟ್ಲೆಂಡಿನಲ್ಲಿ ಇದು ಗೆಲುವು. ರೇಸಿಂಗ್ ದೃಷ್ಟಿಯಲ್ಲಿ ಮೂರು ಗೋಲುಗಳ ಸೋಲಿಗೂ ಇದಕ್ಕೂ ವ್ಯತ್ಯಾಸವಿರಲಿಲ್ಲ.

ಅಕ್ಟೋಬರ್ 28ರಂದು ಸ್ಕಾಟಿಷ್ ಲೀಗ್ ಕಪ್ ಫೈನಲ್‌ನಲ್ಲಿ ಡಂಡೀ ತಂಡವನ್ನು 5–3ರಿಂದ ಸೋಲಿಸಿದ ಸೆಲ್ಟಿಕ್ ಆಟಗಾರರು ಅಟ್ಲಾಂಟಿಕ್ ದಾಟಿ ನವೆಂಬರ್ 1ರಂದು ಅವೆಲ್ಲನೆಡದಲ್ಲಿ ಮತ್ತೆ ಮೈದಾನಕ್ಕಿಳಿದರು. ಪಂದ್ಯ ಶುರುವಾಗುವ ಮೊದಲೇ, ಅಭ್ಯಾಸ ಮಾಡುತ್ತಿದ್ದ 37 ವರ್ಷದ ಗೋಲ್‌ಕೀಪರ್ ರಾನಿ ಸಿಂಪ್ಸನ್ ಅವರ ತಲೆಗೆ ಏನೋ ಬಡಿದು ರಕ್ತ ಸುರಿಯತೊಡಗಿತು. ಬಂದದ್ದು ಕಲ್ಲೋ ಕಬ್ಬಿಣದ ಚೂರೋ, ಎಸೆದವರು ಯಾರು ಎಂಬುದು ಎಂದೂ ಇತ್ಯರ್ಥವಾಗಲಿಲ್ಲ. ಅವರ ಜಾಗಕ್ಕೆ ಜಾನ್ ಫ್ಯಾಲನ್ ಬಂದರು. ಇಷ್ಟಾದರೂ ಸೆಲ್ಟಿಕ್ ಚೆನ್ನಾಗಿಯೇ ಆಡಿ, ಟಾಮಿ ಜೆಮ್ಮೆಲ್ ಹೊಡೆದ ಪೆನಾಲ್ಟಿಯಿಂದ ಮುನ್ನಡೆ ಪಡೆಯಿತು. ನೊರ್ಬೆರ್ತೊ ರಾಫೊ ಅದನ್ನು ಸರಿಗಟ್ಟಿದರು. ವಿರಾಮ ಮುಗಿಯುತ್ತಲೇ ಹುವಾನ್ ಕಾರ್ಲೊಸ್ ಕಾರ್ಡೆನಾಸ್ ಇನ್ನೊಂದು ಗೋಲು ಸೇರಿಸಿದರು. ರೇಸಿಂಗ್ 2–1.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಎರಡು ಪಂದ್ಯಗಳ ಒಟ್ಟು ಗೋಲುಗಳು 2–2. ಒಟ್ಟು ಗೋಲು ಸಮವಾದಾಗ ಎದುರಾಳಿಯ ತವರಿನಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಗೆಲುವು ಕೊಡುವ ಪದ್ಧತಿ ಯುರೋಪಿನ ಕಪ್ ವಿನ್ನರ್ಸ್ ಕಪ್‌ನಲ್ಲಿ ಆಗಲೇ ಎರಡು ವರ್ಷಗಳಿಂದ ಜಾರಿಯಲ್ಲಿತ್ತು. ಸೆಲ್ಟಿಕ್ ಅವೆಲ್ಲನೆಡದಲ್ಲಿ ಒಂದು ಗೋಲು ಹೊಡೆದಿತ್ತು, ರೇಸಿಂಗ್ ಗ್ಲಾಸ್ಗೊದಲ್ಲಿ ಒಂದನ್ನೂ ಹೊಡೆದಿರಲಿಲ್ಲ. ಆ ಪದ್ಧತಿ ಇಲ್ಲಿಯೂ ಇದ್ದಿದ್ದರೆ ನವೆಂಬರ್ 1ರ ರಾತ್ರಿಯೇ ಕಪ್ ಸೆಲ್ಟಿಕ್‌ನದಾಗುತ್ತಿತ್ತು, ಮೊಂಟೆವಿಡಿಯೊ ಎಂಬ ಅಧ್ಯಾಯವೇ ಇರುತ್ತಿರಲಿಲ್ಲ. ಹಿಂದಿನ ಮೂರು ಸಂದರ್ಭಗಳಿಗೂ ಇದೇ ಅಳತೆಗೋಲು ಹಿಡಿದರೆ 1961 ಮತ್ತು 1964ರಲ್ಲಿ ಒಟ್ಟು ಗೋಲುಗಳಲ್ಲೇ ತೀರ್ಮಾನವಾಗಿಬಿಡುತ್ತಿತ್ತು. 1963ರಲ್ಲಿ ಮಾತ್ರ ಇಟಲಿಯ ಮಿಲಾನ್ ಮತ್ತು ಸ್ಯಾಂಟೋಸ್ ತಮ್ಮ ತಮ್ಮ ತವರಿನಲ್ಲಿ 4–2ರಿಂದ ಗೆದ್ದು ಎಲ್ಲ ಲೆಕ್ಕದಲ್ಲೂ ಸಮನಾಗಿದ್ದವು. ನಾಲ್ಕು ಮೂರನೆಯ ಪಂದ್ಯಗಳಲ್ಲಿ ನಿಜಕ್ಕೂ ಅಗತ್ಯವಿದ್ದದ್ದು ಒಂದೇ ಎಂದಾಯಿತು.

ಸೆಲ್ಟಿಕ್ ಅಧ್ಯಕ್ಷ ರಾಬರ್ಟ್ ಕೆಲ್ಲಿ ಅವರಿಗೆ ಮೂರನೆಯ ಪಂದ್ಯ ಆಡುವ ಮನಸ್ಸಿರಲಿಲ್ಲ. ಗಾಯಗೊಂಡ ಗೋಲ್‌ಕೀಪರ್‌ನನ್ನು ಕಂಡ ಮೇಲೆ ನೇರವಾಗಿ ಊರಿಗೆ ಮರಳುವುದೇ ಲೇಸೆಂದು ಅವರಿಗೆ ಅನಿಸಿತ್ತು. ಆದರೂ ಆಡುವ ನಿರ್ಧಾರವಾಯಿತು. ಸ್ಥಳವೆಂದು ಗೊತ್ತಾದದ್ದು ಪ್ಲೇಟ್ ನದೀಮುಖದ ಆಚೆ ದಂಡೆಯ ಮೊಂಟೆವಿಡಿಯೊ, ಅದೂ 1930ರಲ್ಲಿ ಮೊದಲ ವಿಶ್ವಕಪ್ ಫೈನಲ್ ನಡೆದ ಕ್ರೀಡಾಂಗಣ. ಕಾಗದದ ಮೇಲೆ ಇದು ತಟಸ್ಥ ನೆಲ. ಎರಡು ತಿಂಗಳ ಹಿಂದಷ್ಟೇ ನ್ಯಾಸಿಯೊನಾಲ್ ತಂಡವನ್ನು ಸೋಲಿಸಿದ ರೇಸಿಂಗ್ ಮೇಲೆ ಉರುಗ್ವೆಯವರಿಗೆ ಪ್ರೀತಿಯೇನೂ ಇರಲಿಲ್ಲ, ನಿಜ. ಆದರೆ ಬ್ಯೂನಸ್ ಐರಿಸ್‌ನಿಂದ ಸಾವಿರಾರು ಅಭಿಮಾನಿಗಳು ನದಿ ದಾಟಿ ಬಂದರು. ಗ್ಲಾಸ್ಗೊದಿಂದ ಅಷ್ಟು ದೂರ ಬರುವುದು ಯಾರಿಗೆ ಸಾಧ್ಯವಿತ್ತು?

ಮೂರು ದಿನ ಎಂಬುದು ಇಲ್ಲಿ ಬಹಳ ಮುಖ್ಯವಾದ ಅಂಕಿ. ಎರಡನೆಯ ಪಂದ್ಯದ ಫೌಲ್‌ಗಳನ್ನು ಯಾವುದಾದರೂ ಸಮಿತಿ ಪರಿಶೀಲಿಸಿ ಯಾರನ್ನಾದರೂ ನಿಷೇಧಿಸಲು ಈ ಅವಧಿ ಸಾಲದು, ಸಿಟ್ಟು ಆರುವುದಕ್ಕಂತೂ ಸಾಲದೇ ಸಾಲದು. ಮೊದಲೆರಡು ಪಂದ್ಯಗಳಲ್ಲಿ ಒದೆ ತಿಂದವರು ಮತ್ತು ಒದ್ದವರು ಬಹುಪಾಲು ಅದೇ ಅದೇ ಮುಖಗಳಾಗಿ ಮತ್ತೆ ಎದುರಾದರು. ಕಪ್ಪು ಬಟ್ಟೆಯ ರೆಫರಿಯ ಕೈಯಲ್ಲಿ ಸೀಟಿ ಬಿಟ್ಟರೆ ಬೇರೆ ಸಾಧನವಿರಲಿಲ್ಲ. ಹಳದಿ ಮತ್ತು ಕೆಂಪು ಕಾರ್ಡ್‌ಗಳು ಬಂದದ್ದು 1970ರ ವಿಶ್ವಕಪ್‌ನಲ್ಲಿ. ರೆಫರಿಯ ಎಚ್ಚರಿಕೆ, ಹೊರಹಾಕಿದ ಆದೇಶ ಎಲ್ಲವೂ ಬಾಯಿಮಾತು ಮತ್ತು ಕೈಸನ್ನೆಯಲ್ಲೇ ನಡೆಯಬೇಕು. ಸ್ಪ್ಯಾನಿಷ್ ಮಾತನಾಡುವ ರೆಫರಿಯ ಮಾತು ಗ್ಲಾಸ್ಗೊ ಹುಡುಗರಿಗೆ ಎಷ್ಟು ಅರ್ಥವಾದೀತು?

ಕಾರ್ಡ್‌ಗಳ ವಿಷಯ ಬಂದದ್ದರಿಂದ ಒಂದು ಉಪಕಥೆ ಹೇಳಲೇಬೇಕು. ಆ ಪದ್ಧತಿಯನ್ನು ರೂಪಿಸಿದವರು ಇಂಗ್ಲೆಂಡಿನ ಕೆನ್ ಆಸ್ಟನ್. 1966ರ ವಿಶ್ವಕಪ್ಪಿನಲ್ಲಿ ರೆಫರಿಗಳ ಉಸ್ತುವಾರಿ ಅವರದೇ ಆಗಿತ್ತು, ಅರ್ಜೆಂಟೀನಾ–ಇಂಗ್ಲೆಂಡ್ ಪಂದ್ಯದಲ್ಲಿ ಯಾರಿಗೆ ಎಚ್ಚರಿಕೆ ಕೊಡಲಾಗಿದೆ ಎಂಬುದೇ ತಿಳಿಯದೆ ಎದ್ದ ಗೊಂದಲ ಅವರನ್ನು ಆ ಯೋಚನೆಗೆ ಹಚ್ಚಿತು. ಇದೇ ಆಸ್ಟನ್ 1962ರ ವಿಶ್ವಕಪ್ಪಿನಲ್ಲಿ ಚಿಲಿ ಮತ್ತು ಇಟಲಿ ನಡುವಿನ ಕುಖ್ಯಾತ ಪಂದ್ಯಕ್ಕೆ ರೆಫರಿಯಾಗಿದ್ದರು. ಆ ಪಂದ್ಯದಲ್ಲಿ ಗುದ್ದು ತಿಂದು ಮೂಗು ಮುರಿಸಿಕೊಂಡ ಇಟಲಿ ಆಟಗಾರ ಅರ್ಜೆಂಟೀನಾ ಮೂಲದ ಉಂಬೆರ್ತೊ ಮಾಸ್ಕಿಯೊ. ಐದು ವರ್ಷಗಳ ನಂತರ ಸೆಲ್ಟಿಕ್ ವಿರುದ್ಧ ರೇಸಿಂಗ್ ಮಧ್ಯಪಂಕ್ತಿಯಲ್ಲಿದ್ದ ಹಿರಿಯ ಆಟಗಾರ ಅವರೇ.

ಮೊಂಟೆವಿಡಿಯೊದಲ್ಲಿ ಪಂದ್ಯ ಶುರುವಾದಾಗಿನಿಂದಲೇ ಫೌಲ್‌ಗಳ ಸರಮಾಲೆ. ಮೊದಲಾರ್ಧದಲ್ಲೇ ರೆಫರಿ ಎರಡೂ ತಂಡಗಳ ನಾಯಕರನ್ನು ಕರೆದು ಎಚ್ಚರಿಸಿದರು. ಜಾನ್‌ಸ್ಟನ್‌ರನ್ನು ಮತ್ತೊಮ್ಮೆ ಕೆಡವಿದಾಗ ಎದ್ದ ತಳ್ಳಾಟದ ನಂತರ ರೇಸಿಂಗ್‌ನ ಡಿಫೆಂಡರ್ ಆಲ್ಫಿಯೊ ಬಸೀಲೆ ಮತ್ತು ಸೆಲ್ಟಿಕ್‌ನ ಬಾಬಿ ಲೆನಾಕ್ಸ್ ಇಬ್ಬರನ್ನೂ ಹೊರಹಾಕಲಾಯಿತು. ಆ ಜಗಳದಲ್ಲಿ ಲೆನಾಕ್ಸ್ ಪಾತ್ರವೇ ಇರಲಿಲ್ಲ ಎಂಬುದು ಸೆಲ್ಟಿಕ್ ಪಾಳೆಯದ ಅಚಲ ನಂಬಿಕೆ. ದ್ವಿತೀಯಾರ್ಧ ಆರಂಭವಾದ ಸ್ವಲ್ಪ ಹೊತ್ತಿನಲ್ಲಿ, ಮೂರು ಪಂದ್ಯಗಳಿಂದ ಏಟು ತಿನ್ನುತ್ತ ಬಂದಿದ್ದ ಜಾನ್‌ಸ್ಟನ್ ತಿರುಗಿಬಿದ್ದು ಮೊಣಕೈ ಬೀಸಿ ತಾವೂ ಹೊರನಡೆದರು. ಹತ್ತು ಮಂದಿಯ ಎದುರು ಒಂಬತ್ತು ಮಂದಿ.

ಆಗ ಬಂದದ್ದು ಆ ಗೋಲು. ದ್ವಿತೀಯಾರ್ಧದ ಹತ್ತು ನಿಮಿಷ ಕಳೆಯುವ ಹೊತ್ತಿಗೆ ಕಾರ್ಡೆನಾಸ್ ಸುಮಾರು ಮೂವತ್ತು ಮೀಟರ್ ದೂರದಿಂದ ಎಡಗಾಲಿನಲ್ಲಿ ಹೊಡೆದ ಚೆಂಡು ಫ್ಯಾಲನ್ ಕೈಗೆ ಎಟುಕದೆ ಗೋಲಿನ ಮೇಲ್ಮೂಲೆ ಹೊಕ್ಕಿತು. ಇಡೀ ಸರಣಿಯ ಅತ್ಯಂತ ಸುಂದರವಾದ ಕ್ಷಣ ಅದರ ಅತ್ಯಂತ ಕೊಳಕಾದ ಪಂದ್ಯದಲ್ಲಿ ಘಟಿಸಿತು. ಬ್ರಿಟಿಷ್ ಬರಹಗಳಲ್ಲಿ ಈ ಗೋಲಿಗೆ ಸಿಗುವ ಜಾಗ ತೀರ ಕಡಿಮೆ ಎಂಬುದು ನನ್ನ ತಕರಾರು.

ಉಳಿದದ್ದು ಹೊಡೆದಾಟ. ಗೋಲ್‌ಕೀಪರ್ ಅಗುಸ್ತಿನ್ ಸೆಹಾಸ್ ಮೇಲೆ ಕಾಲು ಬೀಸಿದ ಹ್ಯೂಸ್ ಹೊರಗೆ. ಕೊನೆಯ ನಿಮಿಷಗಳಲ್ಲಿ ರೇಸಿಂಗ್‌ನ ಹುವಾನ್ ಕಾರ್ಲೊಸ್ ರುಲ್ಲಿ ಹೊರಗೆ. ಅವರ ಹಿಂದೆಯೇ ಸೆಲ್ಟಿಕ್‌ನ ಬರ್ಟಿ ಆಲ್ಡ್‌ಗೂ ಆದೇಶವಾಯಿತು. ಆಲ್ಡ್ ಕದಲಲಿಲ್ಲ. ಪಂದ್ಯ ಮುಗಿಸುವ ಆತುರದಲ್ಲಿದ್ದ ರೆಫರಿ ಅವರನ್ನು ಹಾಗೆಯೇ ಬಿಟ್ಟು ಆಟ ಮುಂದುವರಿಸಿದರು. ವಿಜಯದ ಸುತ್ತು ಹಾಕಲು ಹೊರಟ ರೇಸಿಂಗ್ ಆಟಗಾರರ ಮೇಲೆ ಉರುಗ್ವೆಯ ಪ್ರೇಕ್ಷಕರು ಕೈಗೆ ಸಿಕ್ಕಿದ್ದನ್ನು ಎಸೆದರು. ಸೆಲ್ಟಿಕ್ ಆಡಳಿತ ಊರಿಗೆ ಮರಳಿದ ಮೇಲೆ ತನ್ನ ಆಟಗಾರರಿಗೆ ತಲಾ 250 ಪೌಂಡ್ ದಂಡ ವಿಧಿಸಿತು. ರೇಸಿಂಗ್ ಆಟಗಾರರಿಗೆ ಸಿಕ್ಕಿದ್ದು ಬಹುಮಾನ. ಅವೆಲ್ಲನೆಡದಲ್ಲಿ ಒಂದು ಕತೆಯೂ ಹುಟ್ಟಿಕೊಂಡಿತು: ರೇಸಿಂಗ್ ಅಭಿಮಾನಿಗಳು ಸಂಭ್ರಮದಲ್ಲಿ ಮುಳುಗಿದ್ದಾಗ ಪಕ್ಕದ ಇಂಡಿಪೆಂಡಿಯೆಂಟೆ ಅಭಿಮಾನಿಗಳು ಅವರ ಕ್ರೀಡಾಂಗಣದೊಳಗೆ ಏಳು ಕಪ್ಪು ಬೆಕ್ಕುಗಳನ್ನು ಹೂತರಂತೆ. ಶಾಪವೋ ಅಲ್ಲವೋ, ರೇಸಿಂಗ್ ಮತ್ತೆ ಅರ್ಜೆಂಟೀನಾದ ಲೀಗ್ ಗೆದ್ದದ್ದು 2001ರಲ್ಲಿ.

ನಿಯಮ ಬದಲಾಗಲು ಇನ್ನೂ ಒಂದು ಸರಣಿ ಕಳೆಯಬೇಕಾಯಿತು. 1968ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಅರ್ಜೆಂಟೀನಾದ ಎಸ್ತುದಿಯಾಂತೆಸ್ 1–0, 1–1ರಿಂದ ಗೆದ್ದಿತು. ನೋಬಿ ಸ್ಟೈಲ್ಸ್, ಜಾರ್ಜ್ ಬೆಸ್ಟ್ ಇಬ್ಬರೂ ಹೊರಹಾಕಿಸಿಕೊಂಡರು. 1969ರಿಂದ ಅಂಕಗಳ ಬದಲು ಒಟ್ಟು ಗೋಲುಗಳನ್ನು ಪರಿಗಣಿಸುವ ಪದ್ಧತಿ ಬಂದಿತು, ಅದರ ಪರೀಕ್ಷೆಯೂ ಕೂಡಲೇ ಆಯಿತು. ಆ ವರ್ಷ ಮಿಲಾನ್ ತವರಿನಲ್ಲಿ ಎಸ್ತುದಿಯಾಂತೆಸ್ ತಂಡವನ್ನು 3–0ರಿಂದ ಸೋಲಿಸಿತ್ತು. ಬ್ಯೂನಸ್ ಐರಿಸ್‌ನಲ್ಲಿ ಎಸ್ತುದಿಯಾಂತೆಸ್ 2–1ರಿಂದ ಗೆದ್ದ ರಾತ್ರಿ ಮೊಂಟೆವಿಡಿಯೊವನ್ನೂ ಮೀರಿಸಿತು. ಅರ್ಜೆಂಟೀನಾದಲ್ಲಿ ಹುಟ್ಟಿ ಫ್ರಾನ್ಸ್ ಪರ ಆಡಿದ್ದ ಮಿಲಾನ್ ಆಟಗಾರ ನೆಸ್ತೊರ್ ಕೊಂಬಿನ್ ಮುಖ ಒಡೆದು ರಕ್ತಸಿಕ್ತರಾದುದಲ್ಲದೆ, ಸೇನಾ ಸೇವೆ ತಪ್ಪಿಸಿಕೊಂಡ ಆರೋಪದಲ್ಲಿ ಬಂಧನಕ್ಕೂ ಒಳಗಾದರು. ಅರ್ಜೆಂಟೀನಾದ ಸೇನಾಡಳಿತವೇ ನಾಚಿಕೊಂಡು ತನ್ನ ದೇಶದ ಮೂವರು ಆಟಗಾರರನ್ನು ಜೈಲಿಗೆ ಕಳುಹಿಸಿತು. ಹಳೆಯ ನಿಯಮವೇ ಇದ್ದಿದ್ದರೆ ಈ ಎರಡು ತಂಡಗಳು ಎರಡೆರಡು ಅಂಕ ಹಿಡಿದು ಕೆಲವೇ ದಿನಗಳಲ್ಲಿ ದಕ್ಷಿಣ ಅಮೆರಿಕದ ನೆಲದಲ್ಲೇ ಮತ್ತೊಮ್ಮೆ ಎದುರಾಗಬೇಕಿತ್ತು! ಹೊಸ ನಿಯಮದಂತೆ 4–2 ಒಟ್ಟು ಗೋಲುಗಳಿಂದ ಮಿಲಾನ್ ಕಪ್ ಹಿಡಿದು ಮನೆಗೆ ಹೋಯಿತು.

ನಿಯಮ ಸರಿಯಾದರೂ ನಂಬಿಕೆ ಮರಳಲಿಲ್ಲ. ಎಪ್ಪತ್ತರ ದಶಕದಲ್ಲಿ ಅಯಾಕ್ಸ್, ಬಯರ್ನ್ ಮ್ಯೂನಿಕ್, ಲಿವರ್‌ಪೂಲ್, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಂಥ ಯುರೋಪಿನ ಚಾಂಪಿಯನ್ನರು ಒಂದಲ್ಲ ಒಂದು ವರ್ಷ ಆಡಲು ಒಲ್ಲೆ ಎಂದರು. ಅವರ ಬದಲು ಫೈನಲ್‌ನಲ್ಲಿ ಸೋತ ತಂಡ ಹೋಗುತ್ತಿತ್ತು. 1975 ಮತ್ತು 1978ರಲ್ಲಿ ಪಂದ್ಯವೇ ನಡೆಯಲಿಲ್ಲ. ಕೊನೆಗೆ ಜಪಾನಿನ ವಾಹನ ಕಂಪನಿ ಟೊಯೊಟಾ ಪ್ರಾಯೋಜಕತ್ವದಲ್ಲಿ 1980ರ ಆವೃತ್ತಿಯಿಂದ ಇದು ಟೋಕಿಯೊದಲ್ಲಿ ನಡೆಯುವ ಒಂದೇ ಪಂದ್ಯವಾಯಿತು. ತವರು ಯಾರಿಗೂ ಇಲ್ಲ, ಎರಡನೆಯ ಪಂದ್ಯವೂ ಇಲ್ಲ, ಮೂರನೆಯದರ ಪ್ರಶ್ನೆಯೇ ಇಲ್ಲ. 2004ರಲ್ಲಿ ಯೊಕೊಹಾಮಾದಲ್ಲಿ ಪೋರ್ಟೊ ತಂಡವು ಕೊಲಂಬಿಯಾದ ಒನ್ಸೆ ಕಾಲ್ದಾಸ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸುವುದರೊಂದಿಗೆ ಈ ಹಳೆಯ ಸ್ಪರ್ಧೆ ಮುಗಿದು, ಮರುವರ್ಷದಿಂದ ಅದರ ಜಾಗವನ್ನು ಫಿಫಾದ ಕ್ಲಬ್ ವಿಶ್ವಕಪ್ ತುಂಬಿತು.

ಅರ್ಧ ಶತಮಾನ ಈ ಸ್ಪರ್ಧೆಯನ್ನು ತನ್ನದಲ್ಲವೆಂದು ದೂರವಿಟ್ಟಿದ್ದ ಫಿಫಾ ಕಡೆಗೆ ಮನಸ್ಸು ಬದಲಿಸಿದ್ದು ಭಾರತದ ನೆಲದಲ್ಲಿ. 17 ವರ್ಷದೊಳಗಿನವರ ವಿಶ್ವಕಪ್ ಇಲ್ಲಿ ನಡೆಯುತ್ತಿದ್ದಾಗ, 2017ರ ಅಕ್ಟೋಬರ್ 27ರಂದು ಕೋಲ್ಕತ್ತದಲ್ಲಿ ಸೇರಿದ ಫಿಫಾ ಕೌನ್ಸಿಲ್, ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದ ಎಲ್ಲ ತಂಡಗಳನ್ನೂ ವಿಶ್ವ ಚಾಂಪಿಯನ್ ಕ್ಲಬ್‌ಗಳೆಂದು ಮಾನ್ಯ ಮಾಡಿತು. 1967ರ ಸಾಲಿನಲ್ಲಿ ರೇಸಿಂಗ್ ಹೆಸರು ಅಧಿಕೃತವಾಗಿ ಸೇರಿತು. 1974ರಲ್ಲಿ ಬಯರ್ನ್ ಮ್ಯೂನಿಕ್ ಹಿಂದೆ ಸರಿದಾಗ ಬದಲಿಯಾಗಿ ಹೋಗಿ ಇಂಡಿಪೆಂಡಿಯೆಂಟೆಯನ್ನು ಸೋಲಿಸಿದ್ದ, ಯುರೋಪಿಯನ್ ಕಪ್ಪನ್ನು ಒಮ್ಮೆಯೂ ಗೆಲ್ಲದ ಅಟ್ಲೆಟಿಕೊ ಮ್ಯಾಡ್ರಿಡ್ ಕೂಡ ಆ ಪಟ್ಟಿಯಲ್ಲಿದೆ, ಸೆಲ್ಟಿಕ್ ಇಲ್ಲ.